ಮನೆಯ ಓವನ್‌ನಲ್ಲಿ ಹಂದಿ ಪಕ್ಕೆಲುಬಿನ ಬಾರ್ಬೆಕ್ಯೂ

ಓವನ್‌ನಲ್ಲಿ ಮಾಡಿದ ಹಂದಿ ಪಕ್ಕೆಲುಬು ಕೆಡುವುದಕ್ಕೆ ಹೆಚ್ಚಿನ ಸಲ ಕಾರಣ ಒಂದೇ. ಬೇಯಿಸುವ ಕೆಲಸವನ್ನೂ ಕೆಂಪಾಗಿಸುವ ಕೆಲಸವನ್ನೂ ಒಂದೇ ಉರಿಯಲ್ಲಿ ಮುಗಿಸಲು ಹೊರಡುತ್ತೇವೆ. 200 ಡಿಗ್ರಿಗೆ ಇಟ್ಟು ಒಂದು ಗಂಟೆಯಲ್ಲಿ ಹೊರತೆಗೆದರೆ ಬಣ್ಣವೇನೋ ಚೆನ್ನಾಗಿ ಬಂದಿರುತ್ತದೆ, ಕಚ್ಚಿದರೆ ಮಾಂಸ ಎಲುಬನ್ನು ಬಿಡುವುದಿಲ್ಲ. ಪಕ್ಕೆಲುಬಿನ ಮಾಂಸ ಮೆತ್ತಗಾಗುವುದು ಅದರೊಳಗಿನ ಗಟ್ಟಿ ನಾರಿನಂಥ ಕೊಲಾಜನ್ ಕರಗಿ ಜೆಲಾಟಿನ್ ಆದಾಗ. ಒಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ನಿಧಾನಕ್ಕೆ ನಡೆಯುತ್ತದೆ, 90ರಿಂದ 95ಕ್ಕೆ ಬರುವ ಹೊತ್ತಿಗೆ ತಿನ್ನುವ ಹದಕ್ಕೆ ಬರುತ್ತದೆ. ಇದಕ್ಕೆ ಬೇಕಾದದ್ದು ಹೊತ್ತು. ಸಾಸ್ ಅಂಟಿ ಹೊಳೆಯುವುದಕ್ಕೆ ಬೇಕಾದದ್ದು ಜೋರು ಬಿಸಿ, ಅದೂ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಮೊದಲು ಮುಚ್ಚಿ 140 ಡಿಗ್ರಿಯಲ್ಲಿ ಎರಡೂಕಾಲರಿಂದ ಮೂರು ಗಂಟೆ, ಆಮೇಲೆ ತೆರೆದು 210ರಲ್ಲಿ ಹದಿನೈದು ಇಪ್ಪತ್ತು ನಿಮಿಷ.

ಅಮೆರಿಕದ ಬಾರ್ಬೆಕ್ಯೂ ವಿಡಿಯೋಗಳಲ್ಲಿ 3-2-1 ಎಂಬ ಲೆಕ್ಕ ಕಾಣುತ್ತದೆ: ಮೂರು ಗಂಟೆ ಹೊಗೆಯಲ್ಲಿ, ಎರಡು ಗಂಟೆ ಫಾಯಿಲ್‌ನಲ್ಲಿ ಸುತ್ತಿ, ಒಂದು ಗಂಟೆ ಸಾಸ್ ಹಚ್ಚಿ. ಅದು ಸುಮಾರು 107 ಡಿಗ್ರಿಯಲ್ಲಿ ಕಟ್ಟಿಗೆಯ ಹೊಗೆ ಹಾಯಿಸುವ ಸ್ಮೋಕರ್‌ಗೆ ಹೇಳಿದ ಲೆಕ್ಕ. ಮನೆಯ ಓವನ್‌ನಲ್ಲಿ ಹೊಗೆಯೇ ಇಲ್ಲ. ಮೊದಲ ಮೂರು ಗಂಟೆ ಬಿಚ್ಚಿಟ್ಟರೆ ಮಾಂಸ ಸುಮ್ಮನೆ ಒಣಗುತ್ತದೆ. ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಅಂಗಡಿಯಲ್ಲಿ ಕೇಳಬೇಕಾದದ್ದು

ಅರ್ಧ ಅಡುಗೆ ಮಾಂಸದಂಗಡಿಯಲ್ಲೇ ತೀರ್ಮಾನವಾಗುತ್ತದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ, ಬೇಳ ಕಡೆಯ ಹಂದಿ ಮಾಂಸದ ಅಂಗಡಿಗಳಲ್ಲಿ ಕತ್ತಿ ಓಡುವುದು ಮಂಗಳೂರು ಕಡೆಯ ಕ್ರೈಸ್ತರ ಹಂದಿ ಪದಾರ್ಥವಾದ ಬಫಾತ್‌ನ ಲೆಕ್ಕದಲ್ಲಿ. ಚರ್ಮ, ಕೊಬ್ಬು, ಎಲುಬು ಎಲ್ಲ ಸೇರಿ ಒಂದೊಂದೂವರೆ ಇಂಚಿನ ತುಂಡು. ಏನೂ ಹೇಳದೆ ಎರಡು ಕಿಲೋ ಎಂದರೆ ಅದೇ ಕೈಗೆ ಬರುತ್ತದೆ, ಅದರಿಂದ ಬಾರ್ಬೆಕ್ಯೂ ಆಗುವುದಿಲ್ಲ. ಆದಿತ್ಯವಾರ ಬೆಳಗ್ಗೆ ಗಿರಾಕಿಗಳು ಸೇರಿದ ಮೇಲೆ ವಿವರಿಸಲು ಹೋದರೆ ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಶನಿವಾರವೇ ಹೇಳಿಡಿ: ಪಕ್ಕೆಲುಬು ಇಡೀ ಬೇಕು, ಎಲುಬನ್ನು ಅಡ್ಡಕ್ಕೆ ಕಡಿಯಬಾರದು, ಮೇಲಿನ ಚರ್ಮ ಮತ್ತು ಹೊಟ್ಟೆಯ ಕೊಬ್ಬು ಬಿಡಿಸಬೇಕು, ಎಲುಬಿನ ಮೇಲೆ ಒಂದು ಬೆರಳು ದಪ್ಪ ಮಾಂಸ ಉಳಿಯಬೇಕು. ಬಿಡಿಸಿದ ಚರ್ಮ ಮತ್ತು ಕೊಬ್ಬನ್ನು ಬೇರೆ ಕಟ್ಟಿಸಿಕೊಳ್ಳಿ. ಹಣ ಕೊಟ್ಟದ್ದೇ ಅಲ್ಲವೇ, ಸೋಮವಾರದ ಸಾರಿಗೆ ಬರುತ್ತದೆ.

ಪಕ್ಕೆಯಲ್ಲಿ ಎರಡು ಭಾಗ. ಬೆನ್ನುಮೂಳೆಗೆ ಹತ್ತಿರದ್ದು ಗಿಡ್ಡ, ಬಾಗಿದ ಎಲುಬು. ಮಾಂಸ ಮೃದು, ಕೊಬ್ಬು ಕಡಿಮೆ, ಬೇಗ ಬೇಯುತ್ತದೆ. ಬೇಬಿ ಬ್ಯಾಕ್ ಎಂದು ಪ್ಯಾಕೆಟ್ ಮೇಲೆ ಬರೆದಿರುವುದು ಇದನ್ನೇ, ಮರಿ ಹಂದಿಯದ್ದು ಎಂದು ಅರ್ಥವಲ್ಲ. ಹೊಟ್ಟೆಯ ಕಡೆಯದ್ದು ಉದ್ದ, ಚಪ್ಪಟೆ. ಕೊಬ್ಬು ಜಾಸ್ತಿ, ಕೊನೆಯಲ್ಲಿ ಮೆದು ಎಲುಬು ಇರುತ್ತದೆ, ಬೇಯಲು ಬೆನ್ನಿನ ಕಡೆಯದ್ದಕ್ಕಿಂತ ಅರ್ಧ ಗಂಟೆಯಾದರೂ ಹೆಚ್ಚು ಬೇಕು. ಸ್ಪೇರ್ ರಿಬ್ಸ್ ಎನ್ನುವುದು ಇದಕ್ಕೆ. ಎರಡರಲ್ಲಿ ಓವನ್‌ಗೆ ಎರಡನೆಯದೇ ಒಳ್ಳೆಯದು ಎಂಬುದು ನಮ್ಮ ಮತ. ಕೊಬ್ಬು ಇರುವುದರಿಂದ ಹತ್ತು ನಿಮಿಷ ಹೆಚ್ಚು ಕಡಿಮೆಯಾದರೂ ಒಣಗುವುದಿಲ್ಲ. ಎರಡನ್ನೂ ಒಟ್ಟಿಗೆ ಬೇಯಿಸುವುದಾದರೆ ಬೇರೆ ಬೇರೆ ಪೊಟ್ಟಣ ಕಟ್ಟಬೇಕು.

ಒಬ್ಬರಿಗೆ ಹಸಿ ತೂಕ 400ರಿಂದ 500 ಗ್ರಾಂ. ಎಲುಬು, ಕರಗುವ ಕೊಬ್ಬು, ಆರುವ ನೀರು ಎಲ್ಲ ಕಳೆದರೆ ಬಾಯಿಗೆ ಬರುವುದು ಅರ್ಧಕ್ಕೂ ಕಡಿಮೆ. ಕೆಳಗಿನ ಅಳತೆಗಳೆಲ್ಲ ಒಂದೂವರೆ ಕಿಲೋಗೆ, ಎಂದರೆ ಮೂರು ನಾಲ್ಕು ಮಂದಿಗೆ.

ಮಾಂಸ ನಸುಗೆಂಪು ಬಣ್ಣದ್ದಿರಲಿ, ಕೊಬ್ಬು ಬೆಳ್ಳಗೆ ಗಟ್ಟಿಯಾಗಿರಲಿ. ಬೀಜ ತೆಗೆಯದ ದೊಡ್ಡ ಗಂಡು ಹಂದಿಯ ಮಾಂಸಕ್ಕೆ ಬಿಸಿಯಾದಾಗ ಮೂತ್ರದಂಥ ವಾಸನೆ ಏಳುತ್ತದೆ. ಅದು ಕೊಬ್ಬಿನಲ್ಲೇ ಇರುವ ಆಂಡ್ರೋಸ್ಟಿನೋನ್ ಮತ್ತು ಸ್ಕಾಟೋಲ್ ಎಂಬ ವಸ್ತುಗಳಿಂದ ಬರುವುದು. ಎಷ್ಟು ಶುಂಠಿ ಬೆಳ್ಳುಳ್ಳಿ ಸುರಿದರೂ, ಎಷ್ಟು ಹೊತ್ತು ವಿನೆಗರ್‌ನಲ್ಲಿ ಇಟ್ಟರೂ ಹೋಗುವುದಿಲ್ಲ. ಅನುಮಾನ ಬಂದರೆ ಒಂದು ಚೂರು ಕೊಬ್ಬನ್ನು ಬಾಣಲೆಗೆ ಹಾಕಿ ಮೂಸಿ ನೋಡಿ, ಉಳಿದದ್ದನ್ನು ಆಮೇಲೆ ಯೋಚಿಸಿ.

ಆಫ್ರಿಕನ್ ಹಂದಿ ಜ್ವರ 2022ರ ಜುಲೈಯಲ್ಲಿ ವಯನಾಡಿನಲ್ಲಿ ಕಾಣಿಸಿಕೊಂಡಂದಿನಿಂದ ಕೇರಳದಲ್ಲಿ ಆಗಾಗ ಮಾರಾಟ ನಿಲ್ಲುವುದುಂಟು. ರೋಗ ಬಂದ ಫಾರ್ಮಿನ ಸುತ್ತ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್ ವರೆಗೆ ನಿಗಾ ಇಡುತ್ತಾರೆ. ಆ ಜ್ವರ ಮನುಷ್ಯರಿಗೆ ಬರುವುದಿಲ್ಲ, ಹೆದರಿಕೆ ಬೇಡ. ಅಂಥ ವಾರ ಫ್ರೋಜನ್ ಪ್ಯಾಕೆಟ್ಟೇ ಗತಿ. ಅದನ್ನು ಹಿಂದಿನ ದಿನವೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ. ಬಿಸಿ ನೀರಿನಲ್ಲಿ ಮುಳುಗಿಸಿ ಕರಗಿಸಿದರೆ ಮೇಲ್ಭಾಗ ಅರೆಬೆಂದು ಒಳಗೆ ಮಂಜು ಉಳಿಯುತ್ತದೆ.

ಪೊರೆ ತೆಗೆಯುವುದು

ಪಕ್ಕೆಯ ಒಳಬದಿಯಲ್ಲಿ, ಎಲುಬುಗಳ ಮೇಲೆ ತೆಳ್ಳಗಿನ ಬಿಳಿ ಪೊರೆ ಅಂಟಿಕೊಂಡಿರುತ್ತದೆ. ಎಷ್ಟು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ, ಒಣಗಿ ಕಾಗದದಂತಾಗುತ್ತದೆ. ಮಸಾಲೆ ಆ ಬದಿಯಿಂದ ಮಾಂಸಕ್ಕೆ ತಾಗಲೂ ಬಿಡುವುದಿಲ್ಲ. ಒಂದು ಕೊನೆಯ ಎಲುಬಿನ ಮೇಲೆ, ಪೊರೆಯ ಕೆಳಗೆ ಚಮಚದ ಹಿಡಿಯನ್ನೋ ಮೊಂಡು ಚಾಕುವನ್ನೋ ತೂರಿಸಿ ಎತ್ತಿ. ಬೆರಳು ಹೋಗುವಷ್ಟು ಎದ್ದ ಮೇಲೆ ಒಣ ಬಟ್ಟೆಯಲ್ಲಿ ಹಿಡಿದು ಒಂದೇ ಸಮ ಎಳೆಯಿರಿ. ಬರಿಗೈಯಲ್ಲಿ ಹಿಡಿದರೆ ಜಾರುತ್ತದೆ. ಮಾಂಸ ತಣ್ಣಗಿದ್ದಾಗ ಪೊರೆ ಸಲೀಸಾಗಿ ಬರುತ್ತದೆ, ಅಂಗಡಿಯಿಂದ ತಂದ ಬಿಸಿ ಮಾಂಸವಾದರೆ ಒಂದು ಗಂಟೆ ಫ್ರಿಜ್ಜಿನಲ್ಲಿ ಇಟ್ಟು ಶುರುಮಾಡಿ. ಹರಿದು ಹರಿದು ಬಂದು ಪೂರ್ತಿ ಬಾರದಿದ್ದರೆ ಚಾಕುವಿನ ಮೊನೆಯಿಂದ ಉಳಿದದ್ದಕ್ಕೆ ಒಂದು ಸೆಂಟಿಮೀಟರಿಗೊಂದು ಅಡ್ಡ ಗೀರು ಹಾಕಿ ಮುಂದೆ ಹೋಗಿ, ಅದರ ಮೇಲೆ ಇಡೀ ಬೆಳಗ್ಗೆ ಕಳೆಯುವಂಥದ್ದೇನೂ ಇಲ್ಲ.

ತೊಳೆದೇ ಆಗಬೇಕು ಎನ್ನುವವರು ತೊಳೆಯಲಿ, ಆದರೆ ಬಟ್ಟೆಯಲ್ಲಿ ಒತ್ತಿ ಒಣಗಿಸದೆ ಮಸಾಲೆ ಹಚ್ಚಬಾರದು. ಒದ್ದೆ ಮಾಂಸದ ಮೇಲೆ ಪುಡಿ ಕೆಸರಾಗಿ ಹರಿದುಹೋಗುತ್ತದೆ. ಎಲುಬಿನ ಪುಡಿ ಅಂಟಿದ್ದರೆ ಒರೆಸಿ, ಹಲ್ಲಿಗೆ ಸಿಕ್ಕಿದರೆ ಕಷ್ಟ. ಒಂದು ಸೆಂಟಿಮೀಟರಿಗಿಂತ ದಪ್ಪ ಇರುವ ಕೊಬ್ಬನ್ನು ಹೆರೆದು ತೆಗೆಯಿರಿ.

ಪುಡಿ ಮಸಾಲೆ

ಅಮೆರಿಕದವರು ಪಾಪ್ರಿಕಾ ಹಾಕುವ ಜಾಗದಲ್ಲಿ ನಮಗೆ ಬ್ಯಾಡಗಿ ಇದೆ. ಬಣ್ಣ ಜೋರು, ಖಾರ ಕಡಿಮೆ. ಗುಂಟೂರು ಮೆಣಸಿನ ಪುಡಿ ಅದೇ ಅಳತೆಯಲ್ಲಿ ಹಾಕಿದರೆ ತಿನ್ನಲಾಗದು.

ಪುಡಿ ಉಪ್ಪು ಎರಡೂವರೆ ಟೀ ಚಮಚ, ಎಂದರೆ ಸುಮಾರು 15 ಗ್ರಾಂ
ಬೆಲ್ಲದ ಪುಡಿ 2 ದೊಡ್ಡ ಚಮಚ
ಬ್ಯಾಡಗಿ ಮೆಣಸಿನ ಪುಡಿ 4 ಟೀ ಚಮಚ
ತರಿಯಾಗಿ ಕುಟ್ಟಿದ ಕಾಳುಮೆಣಸು 2 ಟೀ ಚಮಚ
ಕೊತ್ತಂಬರಿ ಪುಡಿ 2 ಟೀ ಚಮಚ, ಜೀರಿಗೆ ಪುಡಿ 1
ಬೆಳ್ಳುಳ್ಳಿ ಪುಡಿ 2 ಟೀ ಚಮಚ
ಸಾಸಿವೆ ಪುಡಿ 1 ಟೀ ಚಮಚ, ಒಣಶುಂಠಿ ಪುಡಿ ಅರ್ಧ

ಇದರಲ್ಲಿ ಅಳೆದೇ ಹಾಕಬೇಕಾದದ್ದು ಉಪ್ಪು. ಎಲುಬು ಸೇರಿದ ತೂಕದ ಶೇಕಡಾ ಒಂದರಷ್ಟು ಸಾಕು, ಸಾಸ್‌ನಲ್ಲಿ ಮತ್ತೆ ಉಪ್ಪು ಬರುತ್ತದೆ. ಉಳಿದವು ನಾಲಿಗೆಗೆ ಬಿಟ್ಟದ್ದು. ಬೆಳ್ಳುಳ್ಳಿ ಪುಡಿ ಇಲ್ಲದಿದ್ದರೆ ಹಸಿ ಬೆಳ್ಳುಳ್ಳಿ ಅರೆದು ಹಚ್ಚಬಹುದು, ಕೊನೆಯ ಜೋರು ಬಿಸಿಗೆ ಮೊದಲು ಅದನ್ನು ಒರೆಸಬೇಕು, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ.

ಮನೆಯಲ್ಲಿ ಬಫಾತ್ ಪುಡಿ ಇದ್ದರೆ ಇಷ್ಟೆಲ್ಲ ಹೊಂದಿಸಬೇಕಾಗಿಲ್ಲ. ಮೂರು ದೊಡ್ಡ ಚಮಚ ಬಫಾತ್ ಪುಡಿಗೆ ಅದೇ ಉಪ್ಪು, ಅದೇ ಬೆಲ್ಲ ಬೆರೆಸಿ. ಬ್ಯಾಡಗಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಲವಂಗ, ಚಕ್ಕೆ ಎಲ್ಲ ಅದರಲ್ಲಿವೆ. ಅರಸಿನವೂ ಇರುವುದರಿಂದ ಅಂಚುಗಳು ಸ್ವಲ್ಪ ಹಳದಿಯಾಗಿ ಕಾಣುತ್ತವೆ, ಬಾರ್ಬೆಕ್ಯೂಗೆ ಹೆಸರಾದ ಅಮೆರಿಕದ ಕಾನ್ಸಾಸ್ ಸಿಟಿಯ ರುಚಿ ಬರುವುದಿಲ್ಲ. ಹಂದಿಗೆ ಒಗ್ಗುವ ರುಚಿ ಬರುತ್ತದೆ, ಅದರಲ್ಲಿ ಸಂಶಯವಿಲ್ಲ.

ಪುಡಿಯನ್ನು ಎರಡೂ ಬದಿಗೆ ಉದುರಿಸಿ ಅಂಗೈಯಿಂದ ಒತ್ತಿ. ತಿಕ್ಕಿದರೆ ಒಂದು ಕಡೆ ಗುಡ್ಡೆಯಾಗಿ ಇನ್ನೊಂದು ಕಡೆ ಬೋಳಾಗುತ್ತದೆ. ಮುಚ್ಚಿ ಫ್ರಿಜ್ಜಿನಲ್ಲಿ ನಾಲ್ಕರಿಂದ ಹನ್ನೆರಡು ಗಂಟೆ ಇಡಿ. ಹೊತ್ತಿಲ್ಲದಿದ್ದರೆ ಒಂದು ಗಂಟೆಯಾದರೂ ಆಗಲಿ, ಉಪ್ಪು ಕರಗಿ ಒಳಗಿಳಿಯಲು ಅಷ್ಟು ಬೇಕು. ಹಸಿ ಪಪ್ಪಾಯಿ, ಹಸಿ ಅನಾನಸಿನ ರಸ ಸೇರಿಸುವ ಚಾಳಿ ಬಿಡಿ. ಅವುಗಳಲ್ಲಿರುವ ಪಪೇನ್, ಬ್ರೊಮೆಲಿನ್ ಎಂಬ ಕಿಣ್ವಗಳು ಮಾಂಸದ ಪ್ರೋಟೀನನ್ನೇ ಒಡೆಯುತ್ತವೆ. ಮೂರು ಗಂಟೆ ಬೇಯುವ ಪಕ್ಕೆಗೆ ಅವುಗಳ ಸಹಾಯ ಬೇಡ, ಮೇಲ್ಪದರ ಹಿಟ್ಟಾಗುತ್ತದೆ ಅಷ್ಟೇ. ಅನಾನಸಿನ ರುಚಿ ಬೇಕೇ ಬೇಕೆಂದರೆ ಕುದಿಸಿದ ರಸವನ್ನು ಸಾಸ್‌ಗೆ ಹಾಕಿ. ಕುದಿದರೆ ಕಿಣ್ವ ಕೆಲಸ ಮಾಡುವುದಿಲ್ಲ.

ಓವನ್, ಕರೆಂಟು

ಓಟಿಜಿ (ರಾಡ್ ಉರಿದು ಬೇಯಿಸುವ, ಮೇಜಿನ ಮೇಲಿಡುವ ವಿದ್ಯುತ್ ಓವನ್) ಆದರೆ 28 ಲೀಟರಿಗಿಂತ ದೊಡ್ಡದಿರಲಿ. ಅದಕ್ಕಿಂತ ಸಣ್ಣದರಲ್ಲಿ ಪಕ್ಕೆ ಮೇಲಿನ ರಾಡಿಗೆ ತೀರಾ ಹತ್ತಿರವಾಗುತ್ತದೆ. ಇಡೀ ಪಕ್ಕೆ ಟ್ರೇಯಲ್ಲಿ ಹಿಡಿಸದಿದ್ದರೆ ಎರಡು ಎಲುಬುಗಳ ನಡುವೆ ಕೊಯ್ದು ಎರಡು ಮಾಡಿ, ರುಚಿಗೇನೂ ತೊಂದರೆಯಿಲ್ಲ. ಮೈಕ್ರೋವೇವ್ ಓವನ್‌ನಲ್ಲಿ ಬಿಸಿ ಗಾಳಿಯಲ್ಲಿ ಬೇಯಿಸುವ ಕನ್ವೆಕ್ಷನ್ ಇದ್ದರೆ ಅದರಲ್ಲೂ ಆಗುತ್ತದೆ. ಮೈಕ್ರೋವೇವ್ ಮತ್ತು ಕನ್ವೆಕ್ಷನ್ ಕೂಡಿ ನಡೆಯುವ ಕಾಂಬಿ ಮೋಡ್‌ನಲ್ಲಿ ಮಾತ್ರ ಫಾಯಿಲ್ ಹಾಕಲೇಬಾರದು, ಕಿಡಿ ಹಾರುತ್ತದೆ. ಕನ್ವೆಕ್ಷನ್ ಒಂದೇ ನಡೆಯುವಾಗ ಫಾಯಿಲ್ ಹಾಕಬಹುದೇ ಎಂಬುದು ಕೈಪಿಡಿಯಲ್ಲಿ ಬರೆದಿರುತ್ತದೆ. ಫ್ಯಾನ್ ತಿರುಗುವ ಓವನ್ ಯಾವುದಾದರೂ 15 ಡಿಗ್ರಿ ಕಡಿಮೆ ಇಡಿ.

ಓಟಿಜಿಯ ತಿರುಗಣೆಯಲ್ಲಿ ಕಾಣುವ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. 140ಕ್ಕೆ ಇಟ್ಟರೆ ಒಳಗೆ 120 ಇರಬಹುದು, 165ಕ್ಕೂ ಏರಬಹುದು. ಒಳಗೆ ಇಡುವ ಸಣ್ಣ ಓವನ್ ಥರ್ಮಾಮೀಟರ್ ಒಂದಿದ್ದರೆ ಈ ತಲೆನೋವು ಮುಗಿಯಿತು. ಇಲ್ಲದಿದ್ದರೆ ಕಿವಿಗೆ ಕೆಲಸ ಕೊಡಿ: ಪೊಟ್ಟಣದೊಳಗಿಂದ ಎಣ್ಣೆಯಲ್ಲಿ ಕರಿಯುವಂತೆ ಚಿಟಪಟ ಸದ್ದು ಜೋರಾಗಿ ಬಂದರೆ ಬಿಸಿ ಹೆಚ್ಚಾಗಿದೆ. ಅರ್ಧ ಗಂಟೆ ಕಳೆದರೂ ಸದ್ದೂ ಇಲ್ಲ, ಪರಿಮಳವೂ ಇಲ್ಲವೆಂದರೆ ಕಡಿಮೆಯಾಗಿದೆ.

1600 ವಾಟ್ಸ್ ಓಟಿಜಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್‌ಗೆ ಚುಚ್ಚಿ ಮೂರು ಗಂಟೆ ಬಿಟ್ಟರೆ ಪ್ಲಗ್ ಕರಗಬಹುದು. 16 ಆಂಪಿಯರ್ ಪವರ್ ಪ್ಲಗ್ಗೇ ಬೇಕು, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಇನ್ವರ್ಟರ್ ಲೈನಿನಲ್ಲಂತೂ ಬೇಡವೇ ಬೇಡ. ರಾಡ್ ನಿಂತು ನಿಂತು ಉರಿಯುವುದರಿಂದ ಒಟ್ಟು ಖರ್ಚಾಗುವುದು ಎರಡು ಮೂರು ಯೂನಿಟ್.

ಮಾರ್ಚಿನಿಂದ ಮೇ ವರೆಗೆ ಸಂಜೆ ಆರರ ನಂತರ ನಮ್ಮ ಕಡೆ ವೋಲ್ಟೇಜ್ ಇಳಿಯುವುದು ಎಲ್ಲರಿಗೂ ಗೊತ್ತು. ರಾಡಿನ ಬಿಸಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: 230 ಇರಬೇಕಾದಲ್ಲಿ 190 ಬಂದರೆ ಬಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. 140 ಡಿಗ್ರಿಯ ಹಂತಕ್ಕೆ ಇದರಿಂದ ದೊಡ್ಡ ತೊಂದರೆಯಿಲ್ಲ, ರಾಡ್ ಹೆಚ್ಚು ಹೊತ್ತು ಉರಿದು ಸರಿದೂಗಿಸುತ್ತದೆ. ಕೊನೆಯ 210ರ ಹಂತ ಮಾತ್ರ ಏರುವುದೇ ಇಲ್ಲ, ಸಾಸ್ ಹೊಳೆಯುವ ಬದಲು ಒಣಗುತ್ತದೆ. ರಾತ್ರಿ ಊಟಕ್ಕೆ ಬೇಕಾದರೆ ಮಧ್ಯಾಹ್ನವೇ ಓವನ್ ಹಚ್ಚಿ ಐದರೊಳಗೆ ಮುಗಿಸಿ.

ಕರೆಂಟು ನಡುವೆ ಹೋದರೆ ಬಾಗಿಲು ತೆರೆಯಬೇಡಿ. ಅರ್ಧ ಗಂಟೆಯೊಳಗೆ ಬಂದರೆ ಕಳೆದುಹೋದ ಹೊತ್ತಿಗೆ ಇನ್ನೊಂದು ಹದಿನೈದು ನಿಮಿಷ ಸೇರಿಸಿ ಮುಂದುವರಿಸಿ. ಬರುವ ಲಕ್ಷಣವಿಲ್ಲದಿದ್ದರೆ ಪೊಟ್ಟಣ ಬಿಚ್ಚಿ, ಪಕ್ಕೆಯನ್ನು ದಪ್ಪ ತಳದ ಪಾತ್ರೆಗೆ ಹಾಕಿ, ರಸ ಮತ್ತು ಅರ್ಧ ಲೋಟ ನೀರು ಸೇರಿಸಿ, ಗಟ್ಟಿ ಮುಚ್ಚಳ ಮುಚ್ಚಿ ಗ್ಯಾಸಿನ ಅತಿ ಸಣ್ಣ ಉರಿಯಲ್ಲಿ ಬೇಯಿಸಿ. ಓವನ್‌ನಲ್ಲಿ ಎಷ್ಟು ಹೊತ್ತು ಉಳಿದಿತ್ತೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಸಾಕು.

ಕಟ್ಟಿ ಬೇಯಿಸುವುದು

ಓವನ್ ಹದಿನೈದು ನಿಮಿಷ 140ಕ್ಕೆ ಕಾಯಲಿ, ಮೇಲಿನ ಕೆಳಗಿನ ಎರಡೂ ರಾಡ್ ಉರಿಯಲಿ. ಅಷ್ಟರಲ್ಲಿ ಪೊಟ್ಟಣ ಕಟ್ಟಿ. ದೊಡ್ಡ ಬಾಳೆಎಲೆಯ ದಂಟು ಸೀಳಿ, ಒಲೆಯ ಮೇಲೆ ಬಾಡಿಸಿ, ಅದರಲ್ಲಿ ಪಕ್ಕೆಯನ್ನು ಎಲುಬಿನ ಬದಿ ಕೆಳಗಾಗಿ ಇಟ್ಟು ಸುತ್ತಿ. ಹೊರಗೆ ಎರಡು ಪದರ ಅಲ್ಯೂಮಿನಿಯಂ ಫಾಯಿಲ್. ಬಾಳೆಎಲೆ ಚಂದಕ್ಕೆ ಹಾಕುವುದಲ್ಲ. ಉಪ್ಪು ಹುಳಿ ಎರಡೂ ಇರುವ ಮಾಂಸ ನೇರ ಫಾಯಿಲ್‌ಗೆ ತಾಗಿ ಮೂರು ಗಂಟೆ ಇದ್ದರೆ ಫಾಯಿಲ್‌ನಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ, ಮಾಂಸಕ್ಕೆ ಲೋಹದ ರುಚಿ ಹತ್ತುತ್ತದೆ. ಎಲೆ ಸಿಗದಿದ್ದರೆ ಬಟರ್ ಪೇಪರ್ ಹಾಕಿ. ಫಾಯಿಲ್‌ನ ಹೊಳೆಯುವ ಬದಿ ಒಳಗೋ ಹೊರಗೋ ಎಂಬ ಚರ್ಚೆ ಬೇಡ, ಎರಡೂ ಒಂದೇ.

ಮುಚ್ಚುವ ಮೊದಲು ಮೂರು ದೊಡ್ಡ ಚಮಚ ದ್ರವ ಹಾಕಿ: ಪುನರ್ಪುಳಿ (ಕೋಕಂ) ನೆನೆಸಿದ ನೀರು, ಅಥವಾ ಒಂದು ಚಮಚ ವಿನೆಗರ್ ಬೆರೆಸಿದ ನೀರು. ಇದಕ್ಕಿಂತ ಹೆಚ್ಚು ಹಾಕಿದರೆ ಮಾಂಸ ಸಾರಿನಲ್ಲಿ ಬೆಂದಂತಾಗುತ್ತದೆ, ಮಾಂಸವೇ ಬೇಕಾದಷ್ಟು ನೀರು ಬಿಡುತ್ತದೆ. ಫಾಯಿಲ್‌ನ ಅಂಚುಗಳನ್ನು ಎರಡು ಮಡಿಕೆ ಮಡಚಿ ಮೇಲ್ಮುಖವಾಗಿ ಒತ್ತಿ. ಹೊಲಿಗೆ ಕೆಳಗೆ ಬಂದರೆ ರಸವೆಲ್ಲ ಟ್ರೇಗೆ ಸೋರಿ ಅಲ್ಲೇ ಸೀಯುತ್ತದೆ.

ಟ್ರೇಯಲ್ಲಿಟ್ಟು ನಡುವಿನ ಹಂತಕ್ಕೆ ತಳ್ಳಿ. ಬೆನ್ನಿನ ಕಡೆಯ ಪಕ್ಕೆಗೆ ಎರಡೂಕಾಲು ಗಂಟೆ, ಹೊಟ್ಟೆಯ ಕಡೆಯದ್ದಕ್ಕೆ ಎರಡೂಮುಕ್ಕಾಲರಿಂದ ಮೂರು. ಅರ್ಧ ಹೊತ್ತು ಕಳೆದಾಗ ಟ್ರೇಯನ್ನು ಹಿಂದುಮುಂದಾಗಿ ತಿರುಗಿಸಿ, ಓಟಿಜಿಗಳಲ್ಲಿ ಹಿಂಬದಿ ಹೆಚ್ಚು ಬಿಸಿ ಇರುತ್ತದೆ. ಅದು ಬಿಟ್ಟು ಬಾಗಿಲು ತೆರೆಯುವ ಕಾರಣ ಯಾವುದೂ ಇಲ್ಲ. ಒಂದು ಸಲ ತೆರೆದರೆ ಕಳೆದುಕೊಂಡ ಬಿಸಿ ಹಿಂದೆ ಬರಲು ಐದು ಹತ್ತು ನಿಮಿಷ ಹಿಡಿಯುತ್ತದೆ.

ಬೆಂದಿತೇ ಎಂದು ಗಡಿಯಾರ ಹೇಳುವುದಿಲ್ಲ, ಎಲುಬು ಹೇಳುತ್ತದೆ. ಪೊಟ್ಟಣದ ಒಂದು ಮೂಲೆ ಬಿಚ್ಚಿ, ಆವಿ ಮುಖಕ್ಕೆ ಹೊಡೆಯದಂತೆ ಹಿಂದೆ ಸರಿದು ನೋಡಿ. ಎಲುಬಿನ ತುದಿಗಳಿಂದ ಮಾಂಸ ಅರ್ಧದಿಂದ ಮುಕ್ಕಾಲು ಸೆಂಟಿಮೀಟರ್ ಹಿಂದೆ ಸರಿದಿರಬೇಕು. ಎರಡು ಎಲುಬುಗಳ ನಡುವೆ ಹಲ್ಲುಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಇಕ್ಕಳದಿಂದ ಒಂದು ಕೊನೆಯನ್ನು ಹಿಡಿದೆತ್ತಿದರೆ ಪಕ್ಕೆ ಚೆನ್ನಾಗಿ ಬಾಗಿ, ಮೇಲೆ ಸಣ್ಣ ಬಿರುಕು ಕಾಣಬೇಕು, ತುಂಡಾಗಿ ಬೀಳಬಾರದು. ಮಾಂಸದ ಥರ್ಮಾಮೀಟರ್ ಇದ್ದರೆ ಎಲುಬಿಗೆ ತಾಗದಂತೆ ಚುಚ್ಚಿ, 92ರಿಂದ 95 ತೋರಿಸಲಿ. ಹಂದಿ ಮಾಂಸ ತಿನ್ನಲು ಸುರಕ್ಷಿತವಾಗುವುದು 63 ಡಿಗ್ರಿಗೇ, ಲಾಡಿಹುಳದ ಭಯವೂ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದಿನ 30 ಡಿಗ್ರಿ ಬರೀ ಮೃದುತ್ವಕ್ಕೆ. ಇನ್ನೂ ಗಟ್ಟಿ ಇದೆಯೇ, ಮತ್ತೆ ಕಟ್ಟಿ ಇಪ್ಪತ್ತು ನಿಮಿಷ.

ಎಲುಬಿನ ಹತ್ತಿರ ಗುಲಾಬಿಯೋ ಕಪ್ಪೋ ಕಂಡರೆ ಹಸಿ ಎಂದುಕೊಳ್ಳಬೇಡಿ. ಎಳೆ ಹಂದಿಯ ಎಲುಬಿನ ಮಜ್ಜೆಯಿಂದ ಸೋರಿದ ಬಣ್ಣ ಅದು, ಫ್ರೋಜನ್ ಮಾಂಸದಲ್ಲಿ ಇನ್ನೂ ಹೆಚ್ಚು.

ಸಾಸ್

ಪಕ್ಕೆ ಬೇಯುತ್ತಿರುವಾಗಲೇ ಸಾಸ್ ಮಾಡಿಡಿ. ಒಂದು ದೊಡ್ಡ ಚಮಚ ಹಂದಿ ಕೊಬ್ಬು ಅಥವಾ ಎಣ್ಣೆಯಲ್ಲಿ ತುರಿದ ಸಣ್ಣ ನೀರುಳ್ಳಿ ಒಂದು, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು ಹಾಕಿ ಕೆಂಪಾಗದಂತೆ ಬಾಡಿಸಿ. ಅದಕ್ಕೆ 200 ಗ್ರಾಂ ಟೊಮೆಟೊ ಕೆಚಪ್, 60 ಗ್ರಾಂ ಬೆಲ್ಲ, 60 ಮಿಲಿ ವಿನೆಗರ್, ಒಂದು ದೊಡ್ಡ ಚಮಚ ಸಾಸಿವೆ ಪೇಸ್ಟ್, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಟೀ ಚಮಚ ಬ್ಯಾಡಗಿ ಪುಡಿ, ಅರ್ಧ ಟೀ ಚಮಚ ಕಾಳುಮೆಣಸಿನ ಪುಡಿ. ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಯಲಿ. ಚಮಚದ ಹಿಂಬದಿಗೆ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲುವ ಹದ. ಉಪ್ಪು ಈಗ ಹಾಕಬೇಡಿ, ಕೆಚಪ್ ಮತ್ತು ಸೋಯಾದಲ್ಲಿ ಸಾಕಷ್ಟಿದೆ.

ಓಲೆಬೆಲ್ಲ (ತಾಳೆಬೆಲ್ಲ) ಸಿಕ್ಕಿದರೆ ಕಬ್ಬಿನ ಬೆಲ್ಲದ ಬದಲು ಅದನ್ನೇ ಹಾಕಿ. ಅದರ ಸ್ವಲ್ಪ ಹೊಗೆಯಾಡಿದಂಥ ಘಮ ಓವನ್‌ನಲ್ಲಿ ಸಿಗದ್ದನ್ನು ತುಸುವಾದರೂ ತುಂಬುತ್ತದೆ. ಕಸ, ಮರಳು ಇರುತ್ತದೆ, ಕರಗಿಸಿ ಸೋಸಬೇಕು.

ವಿನೆಗರ್ ಬದಲು ಪುನರ್ಪುಳಿ ಹಾಕುವುದಾದರೆ ಒಣಗಿದ ಸಿಪ್ಪೆ ಹತ್ತು ಹನ್ನೆರಡನ್ನು 100 ಮಿಲಿ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ ಸೋಸಿ. ಹುಳಿ ವಿನೆಗರ್‌ಗಿಂತ ದುಂಡಗೆ, ಬಣ್ಣ ಗಾಢ. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದರೆ ಒಮ್ಮೆ ತೊಳೆದು ನೆನೆಸಿ. ಅಲ್ಯೂಮಿನಿಯಂ, ಕಬ್ಬಿಣದ ಬಾಣಲೆಯಲ್ಲಿ ಈ ಸಾಸ್ ಕುದಿಸಬಾರದು, ಸ್ಟೀಲ್ ಒಳ್ಳೆಯದು.

ಕೊನೆಯ ಹದಿನೈದು ನಿಮಿಷ

ಬೆಂದ ಪೊಟ್ಟಣವನ್ನು ಹೊರಗೆ ತೆಗೆದು ಹತ್ತು ನಿಮಿಷ ಹಾಗೇ ಬಿಡಿ. ಆಮೇಲೆ ರಸವನ್ನು ಒಂದು ಲೋಟಕ್ಕೆ ಬಗ್ಗಿಸಿ. ಮೇಲೆ ತೇಲುವ ಕೊಬ್ಬನ್ನು ತೆಗೆದು, ಕೆಳಗಿನ ಕಂದು ರಸದಲ್ಲಿ ನಾಲ್ಕು ಚಮಚ ಸಾಸ್‌ಗೆ ಸೇರಿಸಿ ಇನ್ನೆರಡು ನಿಮಿಷ ಕುದಿಸಿ. ಬಾಟಲಿಯ ಸಾಸ್‌ಗೂ ಮನೆಯ ಸಾಸ್‌ಗೂ ವ್ಯತ್ಯಾಸ ಬರುವುದು ಇಲ್ಲೇ, ಈ ರಸವನ್ನು ಚೆಲ್ಲುವವರಿಗೆ ಏನೂ ಹೇಳಲಾಗದು. ರುಚಿ ನೋಡಿ ಉಪ್ಪು ಬೇಕಾದರೆ ಈಗ ಹಾಕಿ.

ಓವನ್ 210ಕ್ಕೆ ಏರಲಿ, ಮೇಲಿನ ರಾಡ್ ಉರಿಯುತ್ತಿರಲಿ. ಪಕ್ಕೆಯನ್ನು ಜಾಲರಿಯ ಮೇಲಿಟ್ಟು ಕೆಳಗೆ ಟ್ರೇ ಇಡಿ, ಟ್ರೇಗೆ ಅರ್ಧ ಲೋಟ ನೀರು ಹಾಕಿ, ತೊಟ್ಟಿಕ್ಕುವ ಕೊಬ್ಬು ಹೊಗೆಯೇಳದಂತೆ. ಮೇಲ್ಮೈ ಒದ್ದೆಯಾಗಿದ್ದರೆ ಮೊದಲು ಸಾಸ್ ಇಲ್ಲದೆ ನಾಲ್ಕು ನಿಮಿಷ ಒಣಗಲಿ, ಒದ್ದೆಯ ಮೇಲೆ ಸಾಸ್ ನಿಲ್ಲುವುದಿಲ್ಲ. ಆಮೇಲೆ ತೆಳ್ಳಗೆ ಒಂದು ಲೇಪ, ಐದು ನಿಮಿಷ. ಇನ್ನೊಂದು ಲೇಪ, ಐದು ನಿಮಿಷ. ಮೂರನೆಯದಕ್ಕೆ ಮೂರು ನಾಲ್ಕು ನಿಮಿಷ ಸಾಕು. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಮೇಲೆ ಸೀದು ಅಡಿಯಲ್ಲಿ ಹಸಿ ಕೆಚಪ್ ಉಳಿಯುತ್ತದೆ. ಈ ಹೊತ್ತಿನಲ್ಲಿ ಫೋನು ಬಂದರೂ ಓವನ್ ಬಿಟ್ಟು ಹೋಗಬಾರದು: ಸಕ್ಕರೆ 160 ಡಿಗ್ರಿಯ ಆಚೀಚೆ ಕಂದಾಗತೊಡಗುತ್ತದೆ, ಕಂದಿನಿಂದ ಕಪ್ಪಿಗೆ ಎರಡು ನಿಮಿಷವೂ ಬೇಡ. ಅಂಚಿನಲ್ಲಿ ಗುಳ್ಳೆ ಎದ್ದು ಅಲ್ಲಲ್ಲಿ ಕಡುಗಂದು ಚುಕ್ಕೆ ಕಂಡಾಗ ತೆಗೆಯಿರಿ.

ಹತ್ತು ನಿಮಿಷ ತಣಿಯಲಿ. ಮಗುಚಿ, ಎಲುಬು ಕಾಣುವ ಬದಿಯಿಂದ ಕೊಯ್ಯಿರಿ. ಮೇಲಿನಿಂದ ಕೊಯ್ದರೆ ಎಲುಬು ಎಲ್ಲಿದೆಯೆಂದು ಗೊತ್ತಾಗದೆ ಮಾಂಸ ಹರಿಯುತ್ತದೆ.

ಹೊಗೆಯ ಆಸೆ ಇದ್ದವರಿಗೆ

ಸಾಸ್ ಹಚ್ಚುವ ಮೊದಲು, ಬೆಂದ ಪಕ್ಕೆಯನ್ನು ದೊಡ್ಡ ಪಾತ್ರೆಯಲ್ಲಿಡಿ. ನಡುವೆ ಸಣ್ಣ ಸ್ಟೀಲ್ ಬಟ್ಟಲು. ಒಣ ತೆಂಗಿನ ಗೆರಟೆಯ ತುಂಡೊಂದನ್ನು ಹೊಗೆ ನಿಂತು ಕೆಂಡವಾಗುವ ವರೆಗೆ ಉರಿಸಿ ಬಟ್ಟಲಿಗೆ ಹಾಕಿ, ಮೇಲೆ ಅರ್ಧ ಚಮಚ ಹಂದಿ ಕೊಬ್ಬು ಬಿಟ್ಟು ತಕ್ಷಣ ಮುಚ್ಚಿ. ಐದರಿಂದ ಏಳು ನಿಮಿಷ. ಹತ್ತು ದಾಟಿದರೆ ಕಹಿ. ಅರ್ಧ ಉರಿದ ಗೆರಟೆ ಹಾಕಿದರೆ ಡಾಂಬರಿನ ವಾಸನೆ ಹತ್ತುತ್ತದೆ. ಇದನ್ನು ಹಿತ್ತಿಲಲ್ಲೋ ಕಿಟಕಿ ತೆರೆದ ಅಡುಗೆಮನೆಯಲ್ಲೋ ಮಾಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ. ಕೆಂಡವನ್ನು ಓವನ್‌ನೊಳಗೆ ಇಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ.

ಏನಾದರೂ ಎಡವಟ್ಟಾದರೆ

ಮಾಂಸ ಜಗಿಯಲಾಗುತ್ತಿಲ್ಲವೆಂದರೆ ಹೆಚ್ಚು ಬೆಂದಿದೆ ಎಂದು ತಿಳಿಯುವವರೇ ಹೆಚ್ಚು. ಪಕ್ಕೆಲುಬಿನಲ್ಲಿ ಅದು ಉಲ್ಟಾ, ಬೆಂದದ್ದು ಸಾಲದು. ಸಾಸ್ ಹಚ್ಚಿ ಆಗಿದ್ದರೂ ಪರವಾಗಿಲ್ಲ, ಎರಡು ಚಮಚ ನೀರು ಚಿಮುಕಿಸಿ ಫಾಯಿಲ್‌ನಲ್ಲಿ ಕಟ್ಟಿ 140ರಲ್ಲಿ ಅರ್ಧ ಗಂಟೆ ಇಡಿ. ನಿಜವಾಗಿ ಒಣಗಿದ್ದರೆ, ಎಂದರೆ ಮಾಂಸ ಎಳೆಯೆಳೆಯಾಗಿ ಬಿಡುತ್ತದೆ ಆದರೆ ಬಾಯಿಯಲ್ಲಿ ಹತ್ತಿಯಂತಿದೆ ಎಂದರೆ, ಪೊಟ್ಟಣ ಸೋರಿದೆ. ಅದನ್ನು ಎಲುಬಿನಿಂದ ಬಿಡಿಸಿ, ಸಾಸ್ ಮತ್ತು ರಸದಲ್ಲಿ ಕಲಸಿ ಬನ್ನಿನೊಳಗೆ ಹಾಕಿ ಕೊಡಿ. ಕೇಳಿದವರಿಗೆ ಹಾಗೆಯೇ ಮಾಡಲು ಹೊರಟದ್ದು ಎನ್ನಿ.

ಎಲುಬು ಮುಟ್ಟಿದರೆ ಕಳಚಿ ಬರುತ್ತಿದ್ದರೆ ಹದ ಮೀರಿದೆ. ಕೆಲವರಿಗೆ ಅದೇ ಇಷ್ಟ. ಮುಂದಿನ ಸಲಕ್ಕೆ ಇಪ್ಪತ್ತು ನಿಮಿಷ ಕಡಿಮೆ ಮಾಡಿ, ಈ ಸಲಕ್ಕೆ ಮಗುಚದೆ ಜಾಲರಿಯ ಮೇಲೇ ಸಾಸ್ ಹಚ್ಚಿ. ಉಪ್ಪು ಹೆಚ್ಚಾದರೆ ಸಾಸ್‌ನಲ್ಲಿ ಸೋಯಾ ಬಿಟ್ಟು ಬೆಲ್ಲ ಮತ್ತು ಹುಳಿ ಏರಿಸಿ. ನೀರ್‌ದೋಸೆಯೋ ಇಡ್ಲಿಯಂಥ ಸಣ್ಣವೋ ಜೊತೆಗಿದ್ದರೆ ಗೊತ್ತೂ ಆಗುವುದಿಲ್ಲ.

ಕುಕ್ಕರಿನ ದಾರಿ ಕೇಳುವವರು ಇದ್ದೇ ಇರುತ್ತಾರೆ. ಎರಡೆರಡು ಎಲುಬಿನ ತುಂಡು ಮಾಡಿ, ತಳದಲ್ಲಿ ಒಂದು ಲೋಟ ನೀರು ಹಾಕಿ, ನೀರಿಗೆ ತಾಗದಂತೆ ತಟ್ಟೆಯ ಮೇಲಿಟ್ಟು ಒಂದು ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ಒತ್ತಡ ತಾನಾಗಿ ಇಳಿಯಲಿ. ಆಮೇಲೆ ಓವನ್‌ನಲ್ಲಿ ಸಾಸ್. ಕೆಲಸಕ್ಕೆ ಹೋಗುವ ದಿನಕ್ಕೆ ಸರಿ. ಆದರೆ ಮಸಾಲೆಯ ಪದರ ಆವಿಗೆ ತೊಳೆದುಹೋಗುತ್ತದೆ, ಮಾಂಸದ ಹದ ಕೈಗೆ ಸಿಗುವುದಿಲ್ಲ. ನೀರಿನಲ್ಲಿ ಮುಳುಗಿಸಿ ಬೇಯಿಸಿ ಆ ನೀರು ಚೆಲ್ಲುವುದು ಇದಕ್ಕಿಂತ ಕೆಟ್ಟದ್ದು, ರುಚಿಯ ಅರ್ಧ ಪಾಲು ಮೋರಿಗೆ ಹೋಯಿತು.

ಮುಂಚಿತವಾಗಿ ಮಾಡಿಡುವುದು

ಕ್ರಿಸ್ಮಸ್‌ಗೋ ಮರಿಯಮ್ಮನ ಜನ್ಮದಿನದ ಮೊಂತಿ ಹಬ್ಬಕ್ಕೋ ಮನೆ ತುಂಬ ಜನ ಬರುವುದಿದ್ದರೆ ಹಿಂದಿನ ದಿನವೇ 140ರ ಹಂತ ಮುಗಿಸಿ, ಪೊಟ್ಟಣದಲ್ಲೇ ತಣಿಸಿ ಫ್ರಿಜ್ಜಿಗೆ ಇಡಿ. ಮರುದಿನ ರಸ ಜೆಲ್ಲಿಯಾಗಿ, ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಚಮಚದಲ್ಲಿ ತೆಗೆದರಾಯಿತು. ತಣ್ಣಗಿರುವಾಗ ಎಲುಬುಗಳ ನಡುವೆ ಕೊಯ್ದರೆ ಅಂಚು ಅಚ್ಚುಕಟ್ಟಾಗಿ ಬರುತ್ತದೆ. 160 ಡಿಗ್ರಿಯಲ್ಲಿ ಮುಚ್ಚಿ ಇಪ್ಪತ್ತು ನಿಮಿಷ ಬಿಸಿಮಾಡಿ, ಆಮೇಲೆ ಸಾಸ್ ಹಚ್ಚುವ ಹಂತ. ರುಚಿಯಲ್ಲಿ ಕೊರತೆಯಿಲ್ಲ, ಹಬ್ಬದ ದಿನ ಓವನ್ ಮುಂದೆ ನಿಲ್ಲಬೇಕಾಗಿಲ್ಲ. ಅದೇ ಓವನ್‌ನಲ್ಲಿ ಕೇಕೂ ಆಗಬೇಕಿದ್ದರೆ ಕೇಕ್ ಮೊದಲು, ಪಕ್ಕೆ ಆಮೇಲೆ. ಕೊಬ್ಬಿನ ವಾಸನೆ ಎರಡು ದಿನ ಒಳಗೇ ಇರುತ್ತದೆ.

ಉಳಿದದ್ದು ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಎಪ್ರಿಲ್ ಮೇ ಸೆಕೆಯಲ್ಲಿ ಒಂದು ಗಂಟೆಯೇ ಜಾಸ್ತಿ. ಹಸಿ ಮಾಂಸಕ್ಕೆ ಮುಟ್ಟಿಸಿದ ಬ್ರಷ್, ಹಲಗೆ, ಚಾಕು ಬೆಂದದ್ದಕ್ಕೆ ಬಳಸುವ ಮೊದಲು ಸೋಪು ಹಾಕಿ ತೊಳೆಯಿರಿ. ಟ್ರೇಗೆ ಅಂಟಿದ ಬೆಲ್ಲವನ್ನು ಉಜ್ಜಿ ಸೋಲಬೇಡಿ, ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟರೆ ಬೆಳಗ್ಗೆ ತಾನಾಗಿ ಬಿಡುತ್ತದೆ. ಅಲ್ಯೂಮಿನಿಯಂ ಟ್ರೇ ಆದರೆ ಸೋಡಾ ಬೇಡ, ಕಪ್ಪಾಗುತ್ತದೆ. ಬರೀ ಬಿಸಿ ನೀರು, ಸೋಪು ಸಾಕು.